ದಾವಣಗೆರೆ ಉತ್ತರವೋ, ದಕ್ಷಿಣವೋ, ಹರಿಹರವೋ: ಸರ್ಕಾರಿ ಶಾಲೆಗಳನ್ನು ಹೋಲಿಸುವ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಊರು ನಾಲ್ಕೂ ಕಡೆ ಬೆಳೆದಿದೆ. ಶಾಮನೂರು, ಕುಂದುವಾಡ, ಆವರಗೆರೆ, ದೊಡ್ಡಬಾತಿ, ತೋಳಹುಣಸೆ ಕಡೆಗೆಲ್ಲ ಹೊಸ ಬಡಾವಣೆಗಳು ಎದ್ದಿವೆ. ಅಲ್ಲಿ ಮನೆ ಮಾಡಿದವರಿಗೆ ಎರಡು ಮೂರು ಕಿಲೋಮೀಟರ್ ಒಳಗೆ ನಾಲ್ಕೈದು ಸರ್ಕಾರಿ ಶಾಲೆ ಸಿಗುತ್ತವೆ. ಒಂದು ಹಳ್ಳಿಯ ಹಳೇ ಶಾಲೆ, ಒಂದು ನಗರದ ಮಾದರಿ ಶಾಲೆ, ಇನ್ನೊಂದು ಪಕ್ಕದ ವಲಯದ್ದು. ಯಾವುದಕ್ಕೆ ಸೇರಿಸುವುದು ಎಂಬ ಲೆಕ್ಕ ಹಾಕುವವರಿಗಾಗಿ ಈ ಉತ್ತರಗಳು. ಚಿತ್ರದುರ್ಗದ ಪೋಷಕರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ.

ನಮ್ಮ ಮನೆ ಯಾವ ವಲಯಕ್ಕೆ ಸೇರುತ್ತದೆ? ಪಕ್ಕದ ವಲಯದ ಶಾಲೆಗೆ ಸೇರಿಸಬಹುದೇ?

ದಾವಣಗೆರೆ ತಾಲ್ಲೂಕನ್ನು ಶಿಕ್ಷಣ ಇಲಾಖೆ ಉತ್ತರ, ದಕ್ಷಿಣ ಎಂದು ಎರಡು ವಲಯ ಮಾಡಿದೆ. ಎರಡಕ್ಕೂ ಬೇರೆ ಬೇರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಇದ್ದಾರೆ. ಹರಿಹರ ಇನ್ನೊಂದು ವಲಯ. ಚಿತ್ರದುರ್ಗ ಜಿಲ್ಲೆಯಲ್ಲಿ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ಹೀಗೆ ತಾಲ್ಲೂಕಿಗೊಂದು ವಲಯ.

ಒಂದು ಶಾಲೆ ಯಾವ ವಲಯದ್ದು ಎಂದು ತಿಳಿಯಲು ಅದರ ಯುಡೈಸ್ ಸಂಖ್ಯೆ (ಸರ್ಕಾರ ಪ್ರತಿ ಶಾಲೆಗೂ ಕೊಡುವ ಗುರುತು ಸಂಖ್ಯೆ) ನೋಡಿ. ಹನ್ನೊಂದು ಅಂಕಿ ಇರುತ್ತದೆ, ಶಾಲೆಯ ಗೋಡೆ ಮೇಲೋ ನಾಮಫಲಕದ ಮೇಲೋ ಬರೆದಿರುತ್ತಾರೆ. ಮೊದಲ ಎರಡು ಅಂಕಿ ರಾಜ್ಯದ್ದು (29), ಮುಂದಿನ ಎರಡು ಜಿಲ್ಲೆಯದ್ದು (ದಾವಣಗೆರೆಗೆ 14, ಚಿತ್ರದುರ್ಗಕ್ಕೆ 13), ಐದು ಮತ್ತು ಆರನೇ ಅಂಕಿ ವಲಯದ್ದು. ಆ ಎರಡು ಅಂಕಿ ಬೇರೆಯಾಗಿದ್ದರೆ ಬಿಇಒ ಕಚೇರಿಯೂ ಬೇರೆ.

ಮಗುವಿನ ಮಟ್ಟಿಗೆ ವಲಯದ ಗಡಿ ಬೇಲಿಯೇನಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮ 1 ರಿಂದ 5ನೇ ತರಗತಿಗೆ 1 ಕಿ.ಮೀ., 6 ರಿಂದ 8ಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು ಎನ್ನುತ್ತದೆ. ಅದು ಸರ್ಕಾರದ ಹೊಣೆ, ಪೋಷಕರ ಕಾಲಿಗೆ ಹಾಕಿದ ಕಟ್ಟಲ್ಲ. ಜಾಗವಿದ್ದರೆ ಪಕ್ಕದ ವಲಯದ ಸರ್ಕಾರಿ ಶಾಲೆಗೂ ಸೇರಿಸಬಹುದು.

ಎಲ್ಲ ಲೆಕ್ಕ ಹಾಕಿದರೆ ಯಾವ ವಲಯ ಚೆನ್ನಾಗಿದೆ?

ವಲಯ ವಲಯವನ್ನು ಹೋಲಿಸಿ ಮಗುವನ್ನು ಸೇರಿಸಬೇಡಿ. ಒಂದೇ ವಲಯದಲ್ಲಿ, ಒಂದೇ ಸಿಆರ್‌ಪಿ (ಶಾಲೆಗಳ ಗುಂಪಿನ ಸಂಪನ್ಮೂಲ ವ್ಯಕ್ತಿ) ನೋಡಿಕೊಳ್ಳುವ ಕ್ಲಸ್ಟರಿನಲ್ಲಿ, ಒಂದು ಶಾಲೆಯಲ್ಲಿ ತರಗತಿಗೆ 18 ಮಕ್ಕಳಿದ್ದರೆ ಇನ್ನೊಂದರಲ್ಲಿ 55 ಇರಬಹುದು. ವಲಯದ ಸರಾಸರಿ ಈ ಎರಡನ್ನೂ ಕಲಸಿ 30 ಎಂದು ತೋರಿಸುತ್ತದೆ, ಆದರೆ ಆ 30 ಮಕ್ಕಳ ತರಗತಿ ಹುಡುಕಿದರೂ ಸಿಗದಿರಬಹುದು. ನಿಮ್ಮ ಮಗು ಕೂರುವುದು ಒಂದು ಕೊಠಡಿಯಲ್ಲಿ. ಆ ಕೊಠಡಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಅವರ ಮುಂದೆ ದಿನವಿಡೀ ಯಾರಿರುತ್ತಾರೆ ಎಂಬುದನ್ನು ಹೋಲಿಸಿ.

ಕಾನೂನಿನ ಪ್ರಕಾರ ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು ಇರಬೇಕು?

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಇದು ಬಿಡಿಸಿ ಹೇಳಿದೆ. 1 ರಿಂದ 5ನೇ ತರಗತಿಗೆ:

60 ಮಕ್ಕಳವರೆಗೆ 2 ಶಿಕ್ಷಕರು
61 ರಿಂದ 90ಕ್ಕೆ 3
91 ರಿಂದ 120ಕ್ಕೆ 4
121 ರಿಂದ 200ಕ್ಕೆ 5
150 ದಾಟಿದರೆ ಇದರ ಮೇಲೆ ಒಬ್ಬ ಮುಖ್ಯ ಶಿಕ್ಷಕರು
200 ದಾಟಿದರೆ, ಮುಖ್ಯ ಶಿಕ್ಷಕರನ್ನು ಬಿಟ್ಟು, ಒಬ್ಬರಿಗೆ 40ಕ್ಕಿಂತ ಹೆಚ್ಚು ಮಕ್ಕಳು ಇರಬಾರದು

6 ರಿಂದ 8ನೇ ತರಗತಿಗೆ ಲೆಕ್ಕ ಬೇರೆ. 35 ಮಕ್ಕಳಿಗೆ ಕನಿಷ್ಠ ಒಬ್ಬರು, ತರಗತಿಗೆ ಕನಿಷ್ಠ ಒಬ್ಬರು. ಅವರಲ್ಲಿ ವಿಜ್ಞಾನ–ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು. ಮಕ್ಕಳು 100 ದಾಟಿದರೆ ಪೂರ್ಣಾವಧಿ ಮುಖ್ಯ ಶಿಕ್ಷಕರು ಬೇಕು. ಶಿಕ್ಷಕರಷ್ಟೇ ಸಂಖ್ಯೆಯ ಕೊಠಡಿ, ಗಂಡು ಹೆಣ್ಣು ಮಕ್ಕಳಿಗೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಆಟದ ಮೈದಾನ, ಕಾಂಪೌಂಡ್ ಕೂಡ ಅದೇ ಅನುಸೂಚಿಯಲ್ಲಿವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಎಂಬ ಅನುಪಾತ 30ಕ್ಕಿಂತ ಕೆಳಗಿರಲಿ, ಹಿಂದುಳಿದ ಮಕ್ಕಳು ಹೆಚ್ಚಿರುವ ಕಡೆ 25ಕ್ಕಿಂತ ಕೆಳಗಿರಲಿ ಎನ್ನುತ್ತದೆ. ಅದು ನೀತಿ. ನೀವು ಅರ್ಜಿಯಲ್ಲಿ ಉಲ್ಲೇಖಿಸಬೇಕಾದದ್ದು ಕಾಯ್ದೆ.

ಯುಡೈಸ್‌ನಲ್ಲಿ ಅನುಪಾತ 26 ಎಂದಿದೆ. ಶಾಲೆಗೆ ಹೋಗಿ ನೋಡಿದರೆ ಒಂದೇ ಕೊಠಡಿಯಲ್ಲಿ 54 ಮಕ್ಕಳು. ಯಾವುದು ನಿಜ?

ಎರಡೂ ನಿಜ. ಪೋಷಕರು ಎಡವುವುದು ಇಲ್ಲಿಯೇ, ಹಾಗಾಗಿ ಒಂದು ಲೆಕ್ಕ ಬಿಡಿಸಿ ನೋಡೋಣ. 1 ರಿಂದ 7ನೇ ತರಗತಿಯ ಒಂದು ಹಿರಿಯ ಪ್ರಾಥಮಿಕ ಶಾಲೆ ಎಂದುಕೊಳ್ಳಿ. ಮಕ್ಕಳು ತರಗತಿವಾರು 18, 20, 22, 26, 28, 34, 32. ಒಟ್ಟು 180. ಹಾಜರಿ ಪುಸ್ತಕದಲ್ಲಿ 7 ಜನ: ಮುಖ್ಯ ಶಿಕ್ಷಕರು 1, ಪ್ರಾಥಮಿಕ ಶಿಕ್ಷಕರು 3, ಪದವೀಧರ ಪ್ರಾಥಮಿಕ ಶಿಕ್ಷಕರು 2, ದೈಹಿಕ ಶಿಕ್ಷಣ ಶಿಕ್ಷಕರು 1. 180ನ್ನು 7ರಿಂದ ಭಾಗಿಸಿದರೆ ಸುಮಾರು 26. ಕಾಗದದ ಮೇಲೆ ಚೆಂದದ ಶಾಲೆ.

ಈಗ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಆ ಶಾಲೆಗೆ ಹೋಗಿ. ಹೆಡ್ ಮೇಷ್ಟ್ರು ಬಿಸಿಯೂಟದ ಲೆಕ್ಕ, ಸ್ಯಾಟ್ಸ್ (ಮಕ್ಕಳ ದಾಖಲಾತಿಯ ಆನ್‌ಲೈನ್ ವ್ಯವಸ್ಥೆ) ಎಂಟ್ರಿ, ಬಿಇಒ ಕಚೇರಿಯ ಮೀಟಿಂಗ್ ಎಂದು ಓಡಾಡುತ್ತಿರುತ್ತಾರೆ. ಪಿಇ ಮೇಷ್ಟ್ರಿಗೆ ತರಗತಿ ಇಲ್ಲ. ಪ್ರಾಥಮಿಕ ಶಿಕ್ಷಕರಲ್ಲಿ ಒಬ್ಬರು ನಿಯೋಜನೆ ಮೇಲೆ ಬೇರೆ ಶಾಲೆಗೆ ಹೋಗಿದ್ದಾರೆ, ಆದರೆ ಸಂಬಳ, ಹೆಸರು ಎರಡೂ ಇಲ್ಲಿಯೇ. ಉಳಿದವರು ನಾಲ್ವರು. ಒಬ್ಬರು 1–3ರ 60 ಮಕ್ಕಳನ್ನು ನಲಿ-ಕಲಿ (ಮೂರೂ ತರಗತಿ ಒಟ್ಟಿಗೆ ಕಲಿಯುವ ಪದ್ಧತಿ) ಕೊಠಡಿಯಲ್ಲಿ ಕೂರಿಸಿಕೊಂಡಿದ್ದಾರೆ, ಒಬ್ಬರು 4 ಮತ್ತು 5ನ್ನು ಸೇರಿಸಿ 54 ಮಕ್ಕಳನ್ನು ನೋಡುತ್ತಿದ್ದಾರೆ. ಆರನೇ ತರಗತಿಗೆ ಒಬ್ಬರು, ಏಳಕ್ಕೆ ಒಬ್ಬರು. 180ಕ್ಕೆ ನಾಲ್ವರು ಅಂದರೆ ಒಬ್ಬರಿಗೆ 45.

ಕಾಯ್ದೆಯ ಲೆಕ್ಕಕ್ಕೆ ಹಿಡಿದರೆ 1–5ರ 114 ಮಕ್ಕಳಿಗೆ 4 ಜನ, 6–7ಕ್ಕೆ ವಿಷಯವಾರು 3 ಜನ, ಒಟ್ಟು 7 ಜನ ಪಾಠ ಮಾಡುವವರೇ ಬೇಕು. ಹಾಜರಿ ಪುಸ್ತಕದಲ್ಲೂ ಪಾಠ ಮಾಡುವವರು 5 ಜನ, ಅವತ್ತು ಶಾಲೆಯಲ್ಲಿದ್ದವರು 4. ಅಂದರೆ 26 ಎಂದು ತೋರಿಸುವ ಶಾಲೆಯಲ್ಲೇ ಮೂವರ ಕೊರತೆ ಅಡಗಿ ಕೂತಿದೆ.

ಹಾಗಾಗಿ ಅನುಪಾತ ಕೇಳಬೇಡಿ. ಈ ಮೂರನ್ನು ಕೇಳಿ: ಪ್ರತಿ ತರಗತಿಗೆ ಎಷ್ಟು ಮಕ್ಕಳು? ಯಾವ ಯಾವ ತರಗತಿಗಳು ಒಂದೇ ಕೊಠಡಿಯಲ್ಲಿ ಕೂರುತ್ತವೆ? ನಿಯೋಜನೆ ಮೇಲೆ ಹೋದವರು, ಬಂದವರು ಯಾರು?

ಅತಿಥಿ ಶಿಕ್ಷಕರನ್ನು ಲೆಕ್ಕಕ್ಕೆ ಹಿಡಿಯಬೇಕೇ?

ಹಿಡಿಯಬೇಕು, ಆದರೆ ಬೇರೆ ಸಾಲಿನಲ್ಲಿ ಬರೆದುಕೊಳ್ಳಿ. ಅವರಲ್ಲಿ ಬಹಳ ಚೆನ್ನಾಗಿ ಪಾಠ ಮಾಡುವವರಿದ್ದಾರೆ. ತೊಂದರೆ ಅವರಲ್ಲಿ ಇಲ್ಲ, ನೇಮಕದಲ್ಲಿದೆ. ಅದು ಆಯಾ ಶೈಕ್ಷಣಿಕ ವರ್ಷಕ್ಕೆ ಸೀಮಿತ. ಮುಂದಿನ ಜೂನ್‌ನಲ್ಲಿ ಆದೇಶ ತಡವಾದರೆ ಆ ಗಣಿತದ ತರಗತಿ ಅಷ್ಟು ದಿನ ಖಾಲಿ. ಎರಡು ಶಾಲೆ ಹೋಲಿಸುವಾಗ 'ಹೋದ ವರ್ಷ ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು' ಎಂದು ಕೇಳಿ. ಅವರು ಬರುವವರೆಗೆ ಆ ತರಗತಿಯನ್ನು ಯಾರು ನೋಡಿಕೊಂಡರು ಎಂದೂ ಕೇಳಿ.

ಈ ಅಂಕಿಗಳೆಲ್ಲ ಎಲ್ಲಿ ಸಿಗುತ್ತವೆ?

ಯುಡೈಸ್ ಪ್ಲಸ್ ಜಾಲತಾಣದಲ್ಲಿ 'ನೋ ಯುವರ್ ಸ್ಕೂಲ್' ಎಂಬ ಭಾಗವಿದೆ. ಶಾಲೆಯ ಸಂಖ್ಯೆ ಅಥವಾ ಹೆಸರು ಹಾಕಿದರೆ ತರಗತಿವಾರು ಮಕ್ಕಳು, ಶಿಕ್ಷಕರು, ಕೊಠಡಿ, ಶೌಚಾಲಯದ ವಿವರ ಬರುತ್ತದೆ. ನೆನಪಿಡಿ, ಯುಡೈಸ್ ಲೆಕ್ಕಕ್ಕೆ ಆಧಾರ ಸೆಪ್ಟೆಂಬರ್ 30ರ ಸ್ಥಿತಿ, ಮತ್ತು ನಿಮ್ಮ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಹಿಂದಿನ ವರ್ಷದ್ದು. ನಡುವೆ ಒಂದು ವರ್ಗಾವಣೆ ಕೌನ್ಸೆಲಿಂಗ್ ನಡೆದಿದ್ದರೆ ಶಿಕ್ಷಕರ ಪಟ್ಟಿಯೇ ಬದಲಾಗಿರುತ್ತದೆ.

ಎರಡನೆಯದು ಮುಖ್ಯ ಶಿಕ್ಷಕರ ಕೊಠಡಿಯ ಗೋಡೆ. ಮಂಜೂರಾದ ಹುದ್ದೆ, ಭರ್ತಿ, ಖಾಲಿ ಎಂದು ಬರೆದ ಫಲಕ ಬಹಳ ಶಾಲೆಗಳಲ್ಲಿ ಇರುತ್ತದೆ. ಪಕ್ಕದಲ್ಲೇ ಅಂದಿನ ದಾಖಲು, ಹಾಜರು ಬರೆದ ಕರಿಹಲಗೆ.

ಮೂರನೆಯದನ್ನು ಯಾರೂ ನೋಡುವುದಿಲ್ಲ, ಅದು ಬಿಸಿಯೂಟದ ವಹಿ. ಅಕ್ಷರ ದಾಸೋಹದಲ್ಲಿ ಪ್ರತಿದಿನ ಎಷ್ಟು ಮಕ್ಕಳು ಉಂಡರು ಎಂದು ಬರೆಯಬೇಕು, ಅದರ ಮೇಲೆ ಅಕ್ಕಿ ಬೇಳೆಯ ಲೆಕ್ಕ ನಿಂತಿದೆ. ದಾಖಲಾತಿ 180 ಇದ್ದು, ಊಟದ ಸಂಖ್ಯೆ ವಾರಗಟ್ಟಲೆ 130ರ ಆಸುಪಾಸಿನಲ್ಲಿದ್ದರೆ, ಡಬ್ಬಿ ತರುವ ಕೆಲವು ಮಕ್ಕಳನ್ನು ಬಿಟ್ಟರೂ, ಗೈರುಹಾಜರಿ ಜಾಸ್ತಿ ಎಂದೇ ಅರ್ಥ. ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸದಸ್ಯರ ಜೊತೆ ಹೋದರೆ ಈ ವಹಿ ನೋಡುವುದು ಸುಲಭ.

ಮಕ್ಕಳು ಕಡಿಮೆ ಇರುವ ಶಾಲೆ ತಾನೇ ಒಳ್ಳೆಯದು?

ಒಂದು ಮಿತಿಯವರೆಗೆ. ಅಮೆರಿಕದ ಟೆನೆಸ್ಸೀ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ನಡೆದ ದೊಡ್ಡ ಪ್ರಯೋಗದಲ್ಲಿ 13–17 ಮಕ್ಕಳ ತರಗತಿಯವರು 22–25 ಮಕ್ಕಳ ತರಗತಿಯವರಿಗಿಂತ ಚೆನ್ನಾಗಿ ಕಲಿತರು. ಪ್ರಯೋಗ ನಡೆದದ್ದು ಚಿಕ್ಕ ತರಗತಿಗಳಲ್ಲಿ, ಹೆಚ್ಚು ಲಾಭ ಕಂಡದ್ದು ಬಡ ಮಕ್ಕಳಲ್ಲಿ. ಆದರೆ ಅಲ್ಲಿ 15 ಮಕ್ಕಳು ಅಂದರೆ ಒಂದೇ ತರಗತಿಯ 15 ಮಕ್ಕಳು, ಅವರಿಗೇ ಒಬ್ಬ ಶಿಕ್ಷಕರು.

ನಮ್ಮ ಹಳ್ಳಿ ಅಂಚಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 15 ಮಕ್ಕಳು ಅಂದರೆ ಐದು ತರಗತಿಯ 15 ಮಕ್ಕಳು. ಒಬ್ಬರೇ ಶಿಕ್ಷಕರಾದರೆ ಐದನೇ ತರಗತಿಯ ಮೂವರಿಗೆ ದಿನಕ್ಕೆ ಒಂದು ತಾಸು ನೇರ ಪಾಠ ಸಿಕ್ಕರೆ ಹೆಚ್ಚು. ಆ ಶಿಕ್ಷಕರು ತರಬೇತಿಗೆ ಹೋದ ದಿನ, ಹುಷಾರಿಲ್ಲದ ದಿನ, ಪಕ್ಕದೂರಿಂದ ಯಾರನ್ನಾದರೂ ಕಳಿಸಿದರೆ ಶಾಲೆ, ಇಲ್ಲದಿದ್ದರೆ ಬೀಗ. ಕಾಯ್ದೆಯ ಪ್ರಕಾರ ಎಷ್ಟೇ ಕಡಿಮೆ ಮಕ್ಕಳಿದ್ದರೂ ಇಬ್ಬರು ಶಿಕ್ಷಕರು ಬೇಕು. ಇಬ್ಬರಿದ್ದು 30–50 ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆ, ಅದೂ ಮನೆಯ ಹತ್ತಿರ ಸಿಕ್ಕರೆ, 1–3ನೇ ತರಗತಿಗೆ ಅದಕ್ಕಿಂತ ಒಳ್ಳೆಯದನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ ಎಂಬುದು ನಮ್ಮ ಅಭಿಪ್ರಾಯ. ನಾಲ್ಕು ಐದಕ್ಕೆ ಬಂದಾಗ ಮತ್ತೆ ನೋಡಬೇಕು.

ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ ಕೂರಿಸಿದ್ದಾರೆ. ಇದು ಶಿಕ್ಷಕರ ಕೊರತೆಯಿಂದಲೇ?

ಅಲ್ಲ, ಅದು ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ 2009–10ರಿಂದ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಪದ್ಧತಿ. ಮಗು ತನ್ನ ವೇಗದಲ್ಲಿ ಕಲಿಕಾ ಏಣಿಯ ಮೈಲುಗಲ್ಲು ಹತ್ತುತ್ತಾ ಹೋಗುತ್ತದೆ. ಕೊಠಡಿಯಲ್ಲಿ ಐದು ತಟ್ಟೆ, ಅಂದರೆ ಐದು ಗುಂಪು ಇರುತ್ತವೆ. ಶಿಕ್ಷಕರ ಪೂರ್ಣ ನೆರವು ಬೇಕಾದವರು ಒಂದು ಕಡೆ, ತಾವೇ ಕಲಿಯುವವರು ಇನ್ನೊಂದು ಕಡೆ, ಉಳಿದವರು ನಡುವೆ.

ಗುಣಮಟ್ಟ ನೋಡುವುದು ಹೀಗೆ. ಕಾರ್ಡುಗಳು ಮಕ್ಕಳ ಕೈಯಲ್ಲಿವೆಯೋ, ಟ್ರೇಯಲ್ಲಿ ಧೂಳು ಹಿಡಿದಿವೆಯೋ? ಗೋಡೆಯ ಕೆಳಹಲಗೆಯ ಮೇಲೆ ಈ ವಾರದ ಮಕ್ಕಳ ಬರಹ ಇದೆಯೋ? ಪ್ರಗತಿ ನೋಟದಲ್ಲಿ ಒಂದೇ ತರಗತಿಯ ಮಕ್ಕಳು ಬೇರೆ ಬೇರೆ ಮೈಲುಗಲ್ಲಿನಲ್ಲಿ ಇದ್ದಾರೋ? ಎಲ್ಲ ಮಕ್ಕಳೂ ಒಂದೇ ಮೈಲುಗಲ್ಲಿನಲ್ಲಿ ಇದ್ದಾರೆ ಎಂದು ಬರೆದಿದ್ದರೆ ಆ ನೋಟವನ್ನು ಯಾರೋ ಒಂದೇ ದಿನ ಕೂತು ತುಂಬಿದ್ದಾರೆ. ಮತ್ತೆ ಸಂಖ್ಯೆ: ಒಬ್ಬ ಶಿಕ್ಷಕರ ಕೈಲಿ ಮೂವತ್ತು ಮಕ್ಕಳವರೆಗೆ ನಲಿ-ಕಲಿ ನಡೆಯುತ್ತದೆ. ಮೇಲಿನ ಉದಾಹರಣೆಯ ಹಾಗೆ ಅರವತ್ತಾದರೆ ಐದು ತಟ್ಟೆ ಕರಗಿ ಎಲ್ಲರೂ ಬೋರ್ಡ್ ನೋಡಿ ಬರೆಯಲು ಕೂರುತ್ತಾರೆ. ಅಲ್ಲಿಗೆ ಪದ್ಧತಿ ಹೋಯಿತು, ಒಟ್ಟಿಗೆ ಕೂರಿಸಿದ್ದು ಮಾತ್ರ ಉಳಿಯಿತು.

ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾವ ಜಿಲ್ಲೆ ಮುಂದಿದೆ ಎಂದು ನೋಡಿದರೆ ಸಾಲದೇ?

ಸಾಲದು. ನಮ್ಮ ಕಣ್ಣೆದುರಿನ ಉದಾಹರಣೆ ಚಿತ್ರದುರ್ಗ. 2023ರಲ್ಲಿ ಶೇ. 96.80 ಫಲಿತಾಂಶದೊಂದಿಗೆ ಚಿತ್ರದುರ್ಗ ರಾಜ್ಯಕ್ಕೇ ಮೊದಲು, ರಾಜ್ಯದ ಸರಾಸರಿ ಶೇ. 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಉಡುಪಿ ಮೊದಲಾಯಿತು, ಚಿತ್ರದುರ್ಗ ಮೊದಲ ಹತ್ತರಲ್ಲೂ ಉಳಿಯಲಿಲ್ಲ. ರಾಜ್ಯದ ಸರಾಸರಿಯೇ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಕೃಪಾಂಕ ಪಡೆಯಲು ಬೇಕಾದ ಅಂಕವನ್ನು ಶೇ. 35ರಿಂದ 25ಕ್ಕೆ ಇಳಿಸಿದ ಮೇಲೆ. ಒಂದೇ ವರ್ಷದಲ್ಲಿ ಒಂದು ಜಿಲ್ಲೆಯ ಶಾಲೆಗಳ ಪಾಠ ಅಷ್ಟು ಕೆಡುವುದಿಲ್ಲ, ಹಾಗೆ ಸುಧಾರಿಸುವುದೂ ಇಲ್ಲ. ಬದಲಾದದ್ದು ಅಳತೆಗೋಲು.

2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಹಾಗಾಗಿ ಶೇಕಡಾವಾರು ಹೇಳುವವರನ್ನು ಮೊದಲು ಕೇಳಬೇಕಾದದ್ದು: ಪರೀಕ್ಷೆ-1ರದ್ದೋ, ಎಲ್ಲ ಸೇರಿದ್ದೋ? ಶಾಲೆಯ ಮಟ್ಟದಲ್ಲಿ ಇನ್ನೆರಡು ಕೇಳಿ. ಗಣಿತ ಮತ್ತು ವಿಜ್ಞಾನದಲ್ಲಿ 60ರ ಮೇಲೆ ಬಂದವರು ಎಷ್ಟು ಜನ? ಎಂಟನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತನೇ ತರಗತಿ ಪರೀಕ್ಷೆಗೆ ಕೂತರು? ಎಂಟಕ್ಕೆ 70 ಸೇರಿ, 48 ಮಂದಿ ಪರೀಕ್ಷೆ ಬರೆದು, 48 ಮಂದಿಯೂ ಪಾಸಾದರೆ 'ಶೇ. 100' ಎಂಬ ಬ್ಯಾನರ್ ಕಟ್ಟುತ್ತಾರೆ. ಆ 22 ಮಕ್ಕಳು ಎಲ್ಲಿಗೆ ಹೋದರು ಎಂದು ಬ್ಯಾನರ್ ಹೇಳುವುದಿಲ್ಲ.

ಪ್ರೌಢಶಾಲೆ ಹೋಲಿಸುವಾಗಲೂ ತರಗತಿಯ ಗಾತ್ರವೇ ಮುಖ್ಯವೇ?

ಅಲ್ಲಿ ವಿಷಯ ಶಿಕ್ಷಕರು ಮುಖ್ಯ. ಪಿಸಿಎಂ (ಭೌತ, ರಸಾಯನ, ಗಣಿತ), ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ), ಕಲಾ, ಕನ್ನಡ, ಇಂಗ್ಲಿಷ್, ಹಿಂದಿ ಈ ಆರು ಹುದ್ದೆಯಲ್ಲಿ ಯಾವುದು ಖಾಲಿ ಎಂದು ಕೇಳಿ. ಪಿಸಿಎಂ ಮೇಷ್ಟ್ರು ಇಲ್ಲದ 25 ಮಕ್ಕಳ ತರಗತಿಗಿಂತ, ಎಲ್ಲ ಶಿಕ್ಷಕರೂ ಇರುವ 45 ಮಕ್ಕಳ ತರಗತಿ ವಾಸಿ.

ಶಾಲೆಗೆ ಹೋದರೆ ಏನು ನೋಡಬೇಕು? ಯಾವ ದಿನ ಹೋಗಬೇಕು?

ಶನಿವಾರ ಬೇಡ, ಬೆಳಗಿನ ಶಾಲೆ. ಜೂನ್ ಮೊದಲ ಎರಡು ವಾರವೂ ಬೇಡ, ದಾಖಲಾತಿ ಗಲಾಟೆ. ಮೆಕ್ಕೆಜೋಳ ಮುರಿಯುವ ಅಕ್ಟೋಬರ್–ನವೆಂಬರಿನಲ್ಲಿ ಹಳ್ಳಿ ಕಡೆಯ ಹಾಜರಾತಿ ಬೀಳುತ್ತದೆ. ಆಗ ಹೋದರೆ ತರಗತಿ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಜುಲೈ, ಆಗಸ್ಟ್‌ನ ಮಂಗಳವಾರ ಅಥವಾ ಬುಧವಾರ, ಬಿಸಿಯೂಟಕ್ಕೆ ಮುಕ್ಕಾಲು ತಾಸು ಮುಂಚೆ ಹೋಗಿ. ಮುಖ್ಯ ಶಿಕ್ಷಕರ ಅನುಮತಿ ಕೇಳಿಯೇ ಒಳಗೆ ಹೋಗಿ, ಪಾಠದ ಮಧ್ಯೆ ನುಗ್ಗಬೇಡಿ.

ಮಕ್ಕಳ ನೋಟ್‌ಬುಕ್ ನೋಡಲು ಕೇಳಿ. ನಾಲ್ಕನೇ ತರಗತಿಯ ಐದು ಪುಸ್ತಕ ಒಂದರ ಪಕ್ಕ ಒಂದು ಇಟ್ಟು, ಒಂದೇ ಪ್ರಶ್ನೆಯ ಉತ್ತರ ಓದಿ. ಐದರಲ್ಲೂ ಅದೇ ವಾಕ್ಯ, ಅದೇ ಕಾಗುಣಿತದ ತಪ್ಪು ಇದ್ದರೆ ಅದು ಬೋರ್ಡಿನಿಂದಲೋ ಗೈಡಿನಿಂದಲೋ ಇಳಿಸಿದ್ದು. ಐದರಲ್ಲಿ ಐದು ಬಗೆಯ ತಪ್ಪಿದ್ದು, ಕೆಂಪು ಶಾಯಿಯಲ್ಲಿ ತಿದ್ದಿ, ಕೆಳಗೆ ಮಗು ಮತ್ತೆ ಸರಿಯಾಗಿ ಬರೆದಿದ್ದರೆ ಆ ತರಗತಿಯಲ್ಲಿ ಕಲಿಕೆ ನಡೆಯುತ್ತಿದೆ. ಬರೀ 'ಸರಿ' ಗುರುತು, ದಿನಾಂಕ, ಸಹಿ ಇದ್ದರೆ ಅದನ್ನು ತಿದ್ದುವಿಕೆ ಎನ್ನಲಾಗದು. ಐವತ್ತು ಮಕ್ಕಳ ತರಗತಿಯಲ್ಲಿ ಇಂಥ ಗುರುತು ಹೆಚ್ಚು ಕಾಣುವುದಕ್ಕೆ ಕಾರಣ ಸರಳ. ಪುಸ್ತಕಕ್ಕೆ ಎರಡು ನಿಮಿಷ ಎಂದರೂ ನೂರು ನಿಮಿಷ, ಅದು ಒಂದು ವಿಷಯಕ್ಕೆ.

ಓದು ನೋಡಲು ಎರಡನೇ ತರಗತಿಯ ಕನ್ನಡ ಪಠ್ಯದ ಒಂದು ಪ್ಯಾರಾವನ್ನು ಐದನೇ ತರಗತಿಯ ಮಗುವಿಗೆ ಕೊಡಿ, ಶಿಕ್ಷಕರ ಎದುರಿಗೇ, ಪ್ರೀತಿಯಿಂದ. 'ಅಜ್ಜ', 'ಅಕ್ಕ' ಎಂಬ ಸಜಾತಿ ಒತ್ತಕ್ಷರ ಬಹುತೇಕರು ಓದುತ್ತಾರೆ. 'ವಿಶ್ರಾಂತಿ', 'ಪುಸ್ತಕ', 'ನಕ್ಷತ್ರ' ಬಂದಾಗ ತಡೆದರೆ ವಿಜಾತಿ ಒತ್ತಕ್ಷರದ ಕೆಲಸ ಮೂರನೇ ತರಗತಿಯಲ್ಲಿ ಮುಗಿದಿಲ್ಲ. ಗಣಿತಕ್ಕೆ 52ರಲ್ಲಿ 27 ಕಳೆಯಲು ಹೇಳಿ. 35 ಎಂದು ಬರೆದರೆ ಮಗು ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ, ದಶಕ ಬಿಡಿಸಿಕೊಳ್ಳುವುದು ಗೊತ್ತಿಲ್ಲ. ಮೂರ್ನಾಲ್ಕು ಮಕ್ಕಳು ಅದೇ 35 ಬರೆದರೆ ತಪ್ಪು ಮಗುವಿನದಲ್ಲ, ಪಾಠದ್ದು.

ಬರುವಾಗ ಶೌಚಾಲಯದ ಕಡೆ ನಡೆಯಿರಿ. ಕಟ್ಟಡ ಇದೆಯೇ ಎಂದಲ್ಲ, ಬೀಗ ಯಾರ ಹತ್ತಿರ ಇದೆ, ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ನೋಡಿ. ಆರು, ಏಳನೇ ತರಗತಿಯ ಹೆಣ್ಣುಮಕ್ಕಳ ಹಾಜರಾತಿಗೂ ಆ ನಲ್ಲಿಗೂ ನೇರ ಸಂಬಂಧವಿದೆ.

ಎರಡು ಕಿಲೋಮೀಟರ್ ಅಂತರದ ಎರಡು ಶಾಲೆಗಳಲ್ಲಿ ಶಿಕ್ಷಕರ ಸಂಖ್ಯೆ ಇಷ್ಟು ಬೇರೆ ಯಾಕೆ?

ವರ್ಗಾವಣೆ ನಿಯಮದಲ್ಲಿ ಸ್ಥಳಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದಾರೆ (ಬಿಇಒ ವಲಯಕ್ಕೂ ಇದಕ್ಕೂ ಸಂಬಂಧವಿಲ್ಲ). ನಗರ ಮತ್ತು ಅದರ ಸುತ್ತು 'ಎ', ದೂರದ ಹಳ್ಳಿಗಳು 'ಸಿ'. ನಗರದಲ್ಲಿ ಮನೆ, ಮಕ್ಕಳ ಓದು ಇರುವ ಶಿಕ್ಷಕರು 'ಎ' ಕಡೆ ಬರಲು ಬಯಸುವುದು ಸಹಜ. ಅದೇ ಹೊತ್ತಿಗೆ ನಗರದ ಹಳೇ ಬಡಾವಣೆಯ ಸರ್ಕಾರಿ ಶಾಲೆಗಳಿಂದ ಮಕ್ಕಳು ಖಾಸಗಿಗೆ ಹೋಗಿರುತ್ತಾರೆ. ಅತ್ತ ಅಂಚಿನ ಬಡಾವಣೆಯಲ್ಲಿ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ಜೂನ್ ಕಳೆದ ಮೇಲೂ ಸೇರುತ್ತಲೇ ಇರುತ್ತಾರೆ, ಆದರೆ ಹುದ್ದೆ ಮಂಜೂರಾಗುವುದು ಹಿಂದಿನ ದಾಖಲಾತಿಯ ಮೇಲೆ. ಹೆಚ್ಚುವರಿ ಶಿಕ್ಷಕರ ಮರುಹಂಚಿಕೆ ನಡೆದಾಗ ಇದು ಸ್ವಲ್ಪ ಸರಿಹೋಗುತ್ತದೆ, ಆದರೆ ಅದು ಮಕ್ಕಳ ವಲಸೆಯ ವೇಗಕ್ಕೆ ಎಂದೂ ಸಮ ಬರುವುದಿಲ್ಲ. ಬೆಳೆಯುತ್ತಿರುವ ಬಡಾವಣೆಯ ಶಾಲೆಯಾದರೆ ಮೂರು ವರ್ಷದ ದಾಖಲಾತಿ ಕೇಳಿ. ಏರುತ್ತಿದ್ದು ಹುದ್ದೆ ಅಷ್ಟೇ ಇದ್ದರೆ, ಇಂದಿನ 38 ಮಕ್ಕಳ ತರಗತಿ ನಿಮ್ಮ ಮಗು ಮೂರಕ್ಕೆ ಬರುವಾಗ 50 ಆಗಿರುತ್ತದೆ.

ಪಾಠೇತರ ಕೆಲಸವೂ ಇದೆ. ಕಾಯ್ದೆಯ 27ನೇ ಕಲಮು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಎನ್ನುತ್ತದೆ. ಆದರೂ 2025ರಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆಗೆ ಹೋದರು, ದಸರಾ ರಜೆ ಅಕ್ಟೋಬರ್ 18ರವರೆಗೆ ಹೋಯಿತು. ಕಳೆದ ಪಾಠದ ದಿನಗಳು ಎಲ್ಲ ಕಡೆ ಒಂದೇ. ಅದನ್ನು ಶನಿವಾರ ಮಧ್ಯಾಹ್ನ ಕೂರಿಸಿಕೊಂಡು ಭರ್ತಿ ಮಾಡಿದ ಶಾಲೆ ಯಾವುದು, ಹಾಗೇ ಬಿಟ್ಟ ಶಾಲೆ ಯಾವುದು ಎಂಬುದರಲ್ಲಿ ವ್ಯತ್ಯಾಸ ಕಾಣುತ್ತದೆ. 1–5ಕ್ಕೆ ವರ್ಷಕ್ಕೆ 200 ದಿನ, 800 ತಾಸು. 6–8ಕ್ಕೆ 220 ದಿನ, 1000 ತಾಸು ಬೇಕೇ ಬೇಕು.

ಕರ್ನಾಟಕ ಪಬ್ಲಿಕ್ ಶಾಲೆಗೆ ಸೇರಿಸಿದರೆ ಈ ತಲೆನೋವೇ ಇರುವುದಿಲ್ಲ ಅಲ್ಲವೇ?

ಕೆಪಿಎಸ್ ಸರ್ಕಾರಿ ಶಾಲೆಯೇ. ಒಂದೇ ಆವರಣದಲ್ಲಿ ಎಲ್‌ಕೆಜಿಯಿಂದ ಪಿಯುವರೆಗೆ ಇರುತ್ತದೆ, ಆಗಾಗ ಶಾಲೆ ಬದಲಿಸುವ ಕಷ್ಟ ತಪ್ಪುತ್ತದೆ. ಆದರೆ ಬೇಡಿಕೆ ಜಾಸ್ತಿ, ಹಾಗಾಗಿ ಸೆಕ್ಷನ್‌ಗಳು ತುಂಬಿರುತ್ತವೆ. ಇಂಗ್ಲಿಷ್ ಮಾಧ್ಯಮ ವಿಭಾಗಕ್ಕೆ ಹೋಗುವವರು ಒಂದು ಮಾತು ವಿಚಾರಿಸಿ: ಆ ವಿಭಾಗಕ್ಕೆ ಬೇರೆ ಶಿಕ್ಷಕರಿದ್ದಾರೋ, ಕನ್ನಡ ಮಾಧ್ಯಮದವರೇ ಎರಡೂ ನೋಡುತ್ತಾರೋ? ಎರಡನೆಯದಾದರೆ ಮಾಧ್ಯಮ ಎರಡಾಯಿತು, ಶಿಕ್ಷಕರು ಅಷ್ಟೇ, ಎರಡೂ ಕಡೆಯ ಮಕ್ಕಳಿಗೆ ಸಿಗುವ ಸಮಯ ಅರ್ಧ.

ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟಿನಲ್ಲಿ ಖಾಸಗಿ ಶಾಲೆ ಸಿಗುತ್ತದೆಯೇ?

ನಗರದಲ್ಲಿ ಕಷ್ಟ. 2018ರ ಕೊನೆಯಲ್ಲಿ ರಾಜ್ಯದ ನಿಯಮಕ್ಕೆ ತಿದ್ದುಪಡಿ ಬಂದು, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಬಡ, ಹಿಂದುಳಿದ ಮಕ್ಕಳಿಗೆ ಮೀಸಲಾದ ಶೇ. 25ರ ಸೀಟು ಇಲ್ಲ ಎಂದಾಯಿತು. ದಾವಣಗೆರೆ, ಹರಿಹರ, ಚಿತ್ರದುರ್ಗ ಪಟ್ಟಣಗಳಲ್ಲಿ ಸರ್ಕಾರಿ ಶಾಲೆ ಇಲ್ಲದ ವಾರ್ಡು ಅಪರೂಪ.

ವರ್ಷದ ಮಧ್ಯೆ ಮನೆ ಬದಲಿಸಿದರೆ ಟಿಸಿ ಕೊಡುತ್ತಾರೆಯೇ?

ಕೊಡಲೇಬೇಕು. ಕಾಯ್ದೆಯ 5ನೇ ಕಲಮಿನ ಪ್ರಕಾರ ಕೇಳಿದ ಕೂಡಲೇ ವರ್ಗಾವಣೆ ಪತ್ರ ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ. ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದು ಸ್ಯಾಟ್ಸ್‌ನಲ್ಲಿ. ಹಳೇ ಶಾಲೆಯವರು ಅಲ್ಲಿ ಮಗುವನ್ನು ಬಿಡುಗಡೆ ಮಾಡದಿದ್ದರೆ ಹೊಸ ಶಾಲೆಯಲ್ಲಿ ಹೆಸರು ಏರುವುದಿಲ್ಲ, ಪಠ್ಯಪುಸ್ತಕ, ಸಮವಸ್ತ್ರದ ಲೆಕ್ಕಕ್ಕೂ ಬರುವುದಿಲ್ಲ. ಟಿಸಿ ಕೈಗೆ ಬಂದ ದಿನವೇ ಸ್ಯಾಟ್ಸ್‌ನಲ್ಲೂ ಬಿಟ್ಟಿದ್ದಾರೆಯೇ ಎಂದು ಅಲ್ಲೇ ನೋಡಿಕೊಂಡು ಬನ್ನಿ. ಹೆಸರು, ಹುಟ್ಟಿದ ದಿನಾಂಕ ಆಧಾರ್‌ಗೆ ಹೊಂದುತ್ತದೆಯೇ ಎಂಬುದನ್ನೂ ಅಲ್ಲೇ ಸರಿ ಮಾಡಿಸಿ. ಹತ್ತನೇ ತರಗತಿಯಲ್ಲಿ ಅದನ್ನು ತಿದ್ದಿಸುವುದು ಬಹಳ ಓಡಾಟ.

ದೂರದ ಒಳ್ಳೆ ಶಾಲೆಯೋ, ಹತ್ತಿರದ ಸಾಧಾರಣ ಶಾಲೆಯೋ?

ಐದನೇ ತರಗತಿಯವರೆಗೆ ನಡೆದು ಹೋಗುವಷ್ಟು ದೂರದ ಶಾಲೆ. ದಾರಿಯಲ್ಲಿ ಹೆದ್ದಾರಿ 48 ಅಥವಾ ಅದರ ಸರ್ವಿಸ್ ರಸ್ತೆ ದಾಟಬೇಕಾದರೆ ಒಂದು ಕಿಲೋಮೀಟರ್ ಕೂಡ ದೂರವೇ. ಆರನೇ ತರಗತಿಯಿಂದ ಬಸ್ಸಿನಲ್ಲಿ ಕಳಿಸಬಹುದು. ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ, ಹುಡುಗರಿಗೆ ವಿದ್ಯಾರ್ಥಿ ಪಾಸು ಮಾಡಿಸಬೇಕು. ಶಾಲೆ ಬಿಡುವ ಹೊತ್ತಿನ ಬಸ್ಸನ್ನು ಒಮ್ಮೆ ನೀವೇ ಹತ್ತಿ ನೋಡಿ. ಬೆಳಗಿನ ಬಸ್ಸು ಎಲ್ಲರಿಗೂ ಗೊತ್ತಿರುತ್ತದೆ, ಸಂಜೆಯ ಬಸ್ಸಿನಲ್ಲೇ ಮಕ್ಕಳು ಒದ್ದಾಡುವುದು.

ತರಗತಿಯಲ್ಲಿ 55 ಮಕ್ಕಳು, ಶಿಕ್ಷಕರು ಸಾಲದು. ಯಾರನ್ನು ಕೇಳಬೇಕು?

ಮುಖ್ಯ ಶಿಕ್ಷಕರ ಮೇಲೆ ರೇಗಬೇಡಿ, ಹುದ್ದೆ ಅವರ ಕೈಲಿಲ್ಲ. ಮೊದಲು ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಇಡಿಸಿ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ತರಗತಿವಾರು ಮಕ್ಕಳ ಸಂಖ್ಯೆ, ಕಾಯ್ದೆಯ ಪ್ರಕಾರ ಬೇಕಾದ ಶಿಕ್ಷಕರು, ಇರುವವರು, ಈ ಮೂರು ಸಾಲನ್ನು ನಡಾವಳಿಯಲ್ಲಿ ಬರೆಸಿ, ಪ್ರತಿಯನ್ನು ಸಿಆರ್‌ಪಿ ಮೂಲಕ ಬಿಇಒಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. 'ಶಿಕ್ಷಕರನ್ನು ಕೊಡಿ' ಎಂಬ ಬರೀ ಮನವಿ ಕಡತದಲ್ಲಿ ಮಲಗುತ್ತದೆ. 'ಅನುಸೂಚಿ ಪ್ರಕಾರ 7, ಇರುವವರು 5, ನಿಯೋಜನೆ ಮೇಲೆ ಹೋದವರು 1' ಎಂದು ಬರೆದ ಅರ್ಜಿಗೆ ಉತ್ತರ ಕೊಡಬೇಕಾಗುತ್ತದೆ. ನಿಯೋಜನೆ ರದ್ದು ಮಾಡಿಸುವುದು ಹೊಸ ಹುದ್ದೆ ತರಿಸುವುದಕ್ಕಿಂತ ಬೇಗ ಆಗುವ ಕೆಲಸ, ಅದನ್ನೇ ಮೊದಲು ಕೇಳಿ.

ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಕಚೇರಿಗೆ ಅದೇ ಪ್ರತಿ, ಜೊತೆಗೆ ಬಿಇಒ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ ಇರಬೇಕು. 'ಯಾಕೆ ಕೊಟ್ಟಿಲ್ಲ' ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ವಾಪಸ್ ಬರುತ್ತದೆ. ದಾಖಲೆ ಕೇಳಿ, ಹೀಗೆ:

"ಶಾಲೆಯ ಹೆಸರು, ಯುಡೈಸ್ ಸಂಖ್ಯೆ ಇಂಥದ್ದು. ಪ್ರಸಕ್ತ ಸಾಲಿನಲ್ಲಿ ಈ ಶಾಲೆಗೆ ಮಂಜೂರಾದ ಹುದ್ದೆಗಳು, ಭರ್ತಿಯಾದವು, ಖಾಲಿ ಇರುವವು, ವಿಷಯವಾರು. ಈ ಶಾಲೆಯಿಂದ ಬೇರೆಡೆಗೆ ನಿಯೋಜನೆಗೊಂಡ ಶಿಕ್ಷಕರ ಸಂಖ್ಯೆ ಮತ್ತು ನಿಯೋಜನೆ ಆದೇಶದ ಪ್ರತಿ. ಕಳೆದ ಮೂರು ವರ್ಷಗಳ ತರಗತಿವಾರು ದಾಖಲಾತಿ. ಅತಿಥಿ ಶಿಕ್ಷಕರ ನೇಮಕದ ದಿನಾಂಕ ಮತ್ತು ಬಿಡುಗಡೆಯ ದಿನಾಂಕ."

30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಎರಡು ವಲಯದ ಶಾಲೆ ಹೋಲಿಸುತ್ತಿದ್ದರೆ ಎರಡು ಬಿಇಒ ಕಚೇರಿಗೂ ಬೇರೆ ಬೇರೆ ಅರ್ಜಿ ಹಾಕಿ. ಒಂದೇ ಅರ್ಜಿಯಲ್ಲಿ ಎರಡೂ ಶಾಲೆ ಬರೆದರೆ ಒಂದರ ಉತ್ತರ ಮಾತ್ರ ಬರುತ್ತದೆ, ಇನ್ನೊಂದು ವರ್ಗಾವಣೆಯಾಗಿ ಅಲೆಯುತ್ತದೆ.